ತೊಗಲಿನ ಚೀಲದಲ್ಲಿ ಹುಟ್ಟದ ಬೆಣ್ಣೆ

ಅಝ್ರಕ್‌ನ ಉತ್ತರಕ್ಕೆ, ನಮ್ಮ ಡೇರೆಯಿಂದ
೯ ಏಪ್ರಿಲ್ ೧೯೮೬

ಪ್ರೀತಿಯ ತಮ್ಮ ಫವಾಜ್‌ಗೆ ಅಕ್ಕ ನೂಫಾಳ ಸಲಾಮು.

ನಿನ್ನ ಸೊಂಟನೋವು ಹೇಗಿದೆ? ಕುವೈತಿನ ಬಿಸಿಲಿನಲ್ಲಿ ಕ್ರೇನ್ ಮೇಲೆ ಕೂತವನು ನೀರು ಕುಡಿಯಲು ಮರೆಯಬೇಡ. ಬಾಯಾರಿದೆ ಎಂಬುದನ್ನೂ ಚಿಕ್ಕಂದಿನಿಂದ ನಾನೇ ನಿನಗೆ ನೆನಪಿಸಬೇಕಿತ್ತು. ನಾನು ಗಟ್ಟಿಮುಟ್ಟಾಗಿದ್ದೇನೆ. ಗಂಡ ಸತ್ತು ತವರಿಗೆ ಬಂದು ಕೂತವಳಿಗೆ ಕಾಯಿಲೆ ಬೀಳಲು ಪುರುಸೊತ್ತೆಲ್ಲಿ? ಅಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಆದರೆ ನಿನ್ನ ಮಗ ಖಲಫ್ ಚೆನ್ನಾಗಿಲ್ಲ. ಹೋದ ಸಲ ಅಮ್ಮ ಪಕ್ಕದಲ್ಲೇ ಕೂತು ಹೇಳಿ ಬರೆಸಿದ್ದರಿಂದ ಇದನ್ನು ಬರೆಯಲಾಗಲಿಲ್ಲ. ಈಗ ಅವಳು ಬಾವಿಗೆ ಹೋಗಿದ್ದಾಳೆ.

ನಿನ್ನ ಹೆಂಡತಿ ತುರ್ಫಾ ತವರಿಗೆ ಹೋದದ್ದು, ಆಗ ಬರೆದ ಹಾಗೆ, ಅವಳ ಅಪ್ಪನಿಗೆ ಹುಷಾರಿಲ್ಲವೆಂದಲ್ಲ. ಅಮ್ಮ ಓಡಿಸಿದಳು. ಹೋದ ವರ್ಷ ಬಸುರಿಯೆಂದು ಅವಳನ್ನು ಕಡೆಯಲು ಬಿಟ್ಟಿರಲಿಲ್ಲ. ಈ ವಸಂತದಲ್ಲಿ ಮೊದಲ ಸಲ, ಕುರಿಯ ಮೊಸರು ತುಂಬಿ ತೂಗಿ ಕಡೆಯುವ ತೊಗಲಿನ ಚೀಲ ಅವಳ ಕೈಗೆ ಬಂತು. ಸೊಸೆಯ ಕೈಗುಣವನ್ನು ನಮ್ಮವರು ಬೆಣ್ಣೆಯಲ್ಲೇ ಅಳೆಯುತ್ತಾರೆಂದು ನಿನಗೂ ಗೊತ್ತು. ಹೊತ್ತು ನೆತ್ತಿಗೇರುವವರೆಗೆ ಚೀಲ ತೂಗಿದರೂ ಬಂದದ್ದು ಹೆಬ್ಬೆರಳಿನಷ್ಟು ಬೆಣ್ಣೆ. ಪಕ್ಕದ ಡೇರೆಯವರು ನೋಡಲು ಬಂದರು, ಕನಿಕರಪಟ್ಟರು, ಒಳಗೊಳಗೇ ನಕ್ಕರು. ತುರ್ಫಾ ಬೆಣ್ಣೆ ಕದ್ದು ತವರಿಗೆ ಸಾಗಿಸುತ್ತಾಳೆಂದು ಅಮ್ಮ ಅವಳ ಹಾಸಿಗೆಯನ್ನೆಲ್ಲ ಕೊಡವಿದಳು. ಏನೂ ಸಿಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಹಾಲು ಕುಡಿಯುತ್ತಿದ್ದ ಮಗುವನ್ನೇ ಅವಳ ಎದೆಯಿಂದ ಕಿತ್ತುಕೊಂಡಳು. "ಇವಳ ಕೈ ತಾಗಿದ ಚೀಲದಲ್ಲಿ ಬೆಣ್ಣೆ ಹುಟ್ಟಲ್ಲ, ಇನ್ನು ಎದೇಲಿ ಏನು ಹುಟ್ಟುತ್ತೆ? ನನ್ನ ಮೊಮ್ಮಗನ್ನ ನಾನು ಸಾಕ್ಕೋತೀನಿ" ಅಂದಳು. ತುರ್ಫಾ ಜಗಳವಾಡಲಿಲ್ಲ. ಹೋಗುವಾಗ ನನಗೊಂದೇ ಮಾತು ಹೇಳಿದಳು: "ನೂಫಕ್ಕಾ, ಬಲಮಗ್ಗುಲಿಗೆ ಮಲಗಿಸಿದ್ರೆ ಮಾತ್ರ ಅವನು ನಿದ್ದೆ ಮಾಡ್ತಾನೆ."

ಅವಳು ಹೋದ ಮೇಲೆ ಚೀಲವನ್ನು ನಾನು ತೂಗಿದೆ, ಅಮ್ಮನೂ ತೂಗಿದಳು. ಬೆಣ್ಣೆ ಬರಲೇ ಇಲ್ಲ. ಆಗ ಅಮ್ಮ ತನ್ನ ಕೈ ಕೆಟ್ಟದ್ದು ಅನ್ನಲಿಲ್ಲ ನೋಡು, ತುರ್ಫಾಳೇ ಹೋಗುವಾಗ ಕಣ್ಣು ಹಾಕಿ ಹೋದಳು ಅಂದಳು.

ಬೆಣ್ಣೆ ಯಾಕೆ ಬರುತ್ತಿಲ್ಲವೆಂದು ಕುರಿಗಳಿಗೆ ಚುಚ್ಚುಮದ್ದು ಹಾಕಲು ಬಂದ ದನದ ಡಾಕ್ಟರನ್ನು ಕೇಳಿದೆ. ಅವನು ಮೇವಿನ ತೊಟ್ಟಿಗೆ ಕೈ ಹಾಕಿ ಒಣರೊಟ್ಟಿಯ ಚೂರೊಂದನ್ನು ತೆಗೆದು ತೋರಿಸಿದ. ಹಾಲಿನ ಕೊಬ್ಬೆಲ್ಲ ತಿಂದದ್ದರಿಂದ ನೇರವಾಗಿ ಬರುವುದಿಲ್ಲವಂತೆ. ಹುಲ್ಲಿನ ನಾರು ಕುರಿಯ ಹೊಟ್ಟೆಯಲ್ಲಿ ಕೊಳೆತು ಒಂದು ಬಗೆಯ ಹುಳಿಯಾಗುತ್ತದೆ, ರಕ್ತ ಅದನ್ನು ಕೆಚ್ಚಲಿಗೆ ಒಯ್ಯುತ್ತದೆ, ಕೆಚ್ಚಲು ಆ ಹುಳಿಯ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಕೊಬ್ಬು ಮಾಡುತ್ತದೆ. ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಹೀಗೆ ಅಲ್ಲೇ ತಯಾರಾಗುತ್ತದಂತೆ. ನಾರು ಬಿಟ್ಟು ಬರೀ ರೊಟ್ಟಿ ತಿಂದರೆ ಹುಳಿ ಕೆಡುತ್ತದೆ, ಕೆಚ್ಚಲು ಆ ಕೆಲಸವನ್ನೇ ನಿಲ್ಲಿಸುತ್ತದೆ. "ಹಾಲು ಇಳಿಯುತ್ತೆ, ಬೆಣ್ಣೆ ಇರಲ್ಲ. ರೊಟ್ಟಿ ಹಾಕೋಕೆ ಯಾರಮ್ಮ ಹೇಳಿದ್ದು?" ಎಂದು ಕೇಳಿದ. ನನ್ನ ತಮ್ಮ ಅಂದೆ. ಜರ್ಕಾದ ಬೇಕರಿಯ ಗೆಳೆಯನಿಗೆ ಹೇಳಿ ಮೂಟೆಗಟ್ಟಲೆ ಹಳೇ ರೊಟ್ಟಿ ಕಳಿಸಿದ್ದು ನೀನೇ ತಾನೇ? ಮೇವಿಲ್ಲದ ಈ ವರ್ಷ ಕುರಿಗಳ ಹೊಟ್ಟೆ ತುಂಬಿತೆಂದು ನಿನ್ನನ್ನು ನಾವೆಲ್ಲ ಹೊಗಳಿದೆವು.

ನಾಚಿಕೆ ಬಿಟ್ಟು ಹೆಂಗಸಿನ ಹಾಲಿನ ವಿಷಯವನ್ನೂ ಕೇಳಿದೆ. ಪಾಪ, ಅವನು ನೆಲ ನೋಡುತ್ತಲೇ ಹೇಳಿದ. ಹೆಂಗಸಿನ ಎದೆ ರೊಟ್ಟಿಯ ಸಕ್ಕರೆಯಿಂದಲೇ ಒಂದಿಷ್ಟು ಕೊಬ್ಬು ಮಾಡಿಕೊಳ್ಳುತ್ತದೆ, ಕಡಿಮೆ ಬಿದ್ದದ್ದನ್ನು ಅವಳ ಮೈಯಿಂದಲೇ ಕರಗಿಸಿ ಕೊಡುತ್ತದಂತೆ. ನಮ್ಮ ಕಾಗದ ಒಯ್ಯುವ ಲಾರಿ ಡ್ರೈವರ್ ಅಬೂ ರಾಕಾನ್ ತಂದ ಸುದ್ದಿ ಕೇಳು: ತವರಿನಲ್ಲಿ ತಮ್ಮನ ಹೆಂಡತಿಗೆ ಹೆರಿಗೆಯಾಗಿ ಜ್ವರ ಹಿಡಿದು, ಅವಳ ಕೂಸಿಗೆ ತುರ್ಫಾಳೇ ಮೊಲೆಯೂಡುತ್ತಿದ್ದಾಳೆ. ಅವಳು ತಿನ್ನುವುದು ರೊಟ್ಟಿ ಮತ್ತು ಚಹಾ, ಕೂಸು ಮಾತ್ರ ದುಂಡಗಾಗಿದೆ. ಇಲ್ಲಿ ನಿನ್ನ ಮಗನಿಗೆ ಅದೇ ರೊಟ್ಟಿ ತಿಂದ ಕುರಿಯ ಸಾರವಿಲ್ಲದ ಹಾಲು, ಅದಕ್ಕೂ ಬಾವಿಯ ನೀರಿನ ಬೆರಕೆ. ಭೇದಿ ನಿಲ್ಲುತ್ತಿಲ್ಲ. ತೊಡೆಯ ಚರ್ಮ ಜೋತುಬಿದ್ದಿದೆ. ಈಚೆಗೆ ಅಳುವುದನ್ನೂ ಬಿಟ್ಟಿದ್ದಾನೆ, ಅದಕ್ಕೇ ನನಗೆ ಹೆದರಿಕೆ.

ಅಮ್ಮ ಕಲ್ಲೆದೆಯವಳಲ್ಲ. ಮಗುವನ್ನು ಮಡಿಲಿಂದ ಇಳಿಸುವುದೇ ಇಲ್ಲ. ಆದರೆ ಡಾಕ್ಟರ ಮಾತು ಹೇಳಿದರೆ, "ಕುರಿಗೆ ಸೂಜಿ ಚುಚ್ಚೋನಿಗೆ ಎದೆಹಾಲಿನ ವಿಷಯ ಏನು ಗೊತ್ತು? ಫವಾಜ್ ಹೇಳಲಿ, ಕಳಿಸ್ತೀನಿ" ಅನ್ನುತ್ತಾಳೆ. ಆದ್ದರಿಂದ ಮಗುವನ್ನು ತಾಯಿಗೆ ಕೊಡಿ ಎಂದು ಎರಡು ಸಾಲು ಬರೆದು, ಸಿಕ್ಕಿದ ಮೊದಲ ಲಾರಿಯಲ್ಲೇ ಕಳಿಸು.

ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ನೂಫಾ

ತಾ.ಕ.: ಅಬೂ ರಾಕಾನ್ ಲಾರಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಇದು ನಿನ್ನನ್ನು ಮುಟ್ಟಿ ಉತ್ತರ ಬರುವಷ್ಟು ದಿನ ಖಲಫ್‌ಗೆ ಇಲ್ಲ. ಈಗ ಚಮಚೆ ಇಟ್ಟರೂ ಅವನು ತುಟಿ ತೆರೆಯಲಿಲ್ಲ. ತುರ್ಫಾಳ ತವರು ಲಾರಿಯ ದಾರಿಯಲ್ಲೇ ಇದೆ. ಅಮ್ಮ ಬಾವಿಯಿಂದ ಬರುವ ಮೊದಲು ಮಗುವನ್ನು ಎತ್ತಿಕೊಂಡು ಹತ್ತುತ್ತಿದ್ದೇನೆ, ಬಲಮಗ್ಗುಲಿಗೆ ಮಲಗಿಸಿಕೊಂಡಿದ್ದೇನೆ. ಎದೆ ಹಿಡಿಯುವಷ್ಟು ಶಕ್ತಿ ಅವನಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮಗುವನ್ನು ಒಯ್ಯಲು ಹೇಳಿದವರು ಯಾರೆಂದು ಅಮ್ಮ ಯಾರ ಕೈಯಲ್ಲಾದರೂ ಬರೆಸಿ ನಿನ್ನನ್ನು ಕೇಳಿಯೇ ಕೇಳುತ್ತಾಳೆ. ಕುರಿಗೆ ರೊಟ್ಟಿ ಹಾಕಿ ಎಂದವನು ನೀನು. ಮಗುವನ್ನು ತಾಯಿಗೆ ಕೊಡು ಎಂದವನೂ ನೀನೇ ಎಂದು ಹೇಳು. ಅವನು ಉಳಿದರೂ ಹೇಳು, ಉಳಿಯದಿದ್ದರೂ ಹೇಳು.