ಹೋಗದ ಫೈಲುಗಳ ಸಿಟ್ಟಿಗೆ ಎಲ್ಲವನ್ನೂ ಅಳಿಸಬೇಡ

ಪುಟ್ಟಿ,

ಚಳಿ ಶುರುವಾದ ವಾರ, ಬೆಳಗಿನ ಕಾಫಿ ಹೊತ್ತಿಗೆ ನಿನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಹಳೇ ಫೈಲುಗಳನ್ನು ಅಳಿಸಿದೆಯಲ್ಲ, ಅವುಗಳ ಚಿತ್ರ ಇನ್ನೂ ಪರದೆ ಬಿಟ್ಟು ಎದ್ದಿಲ್ಲ. ಒತ್ತಿದರೆ "ಈ ಫೈಲ್ ಇಲ್ಲ" ಅನ್ನುತ್ತೆ. ಥೇಟ್ ನಿನ್ನ ಸೋದರಮಾವ, "ಹೊರಟೆ" ಅಂದು ಮತ್ತೆ ಕಾಲು ಚಾಚಿ ಕೂರೋ ಹಾಗೆ.

ನಾನು ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ನಗಬೇಡ.

ರಿಪೇರಿಯವನಿಗೆ ಫೋನ್ ಮಾಡಿದೆ. ಲಾಗೌಟ್ ಮಾಡಿ ಮತ್ತೆ ಒಳಗೆ ಬಂದರೆ ಹೋಗುತ್ತವಂತೆ. ಮೊದಲು ಅದನ್ನು ಮಾಡು. ನಿನ್ನೆ ಸಿಟ್ಟಿನಲ್ಲಿ ಅಂದ ಹಾಗೆ ಇಡೀ ಕಂಪ್ಯೂಟರನ್ನೇ ಖಾಲಿ ಮಾಡಬೇಡ, ತಾಯಿ. ನೀನು ತಮಾಷೆಗೆ ರೆಕಾರ್ಡ್ ಮಾಡಿದ ಅಜ್ಜಿಯ ಗೊರಕೆ ಇರೋದು ಅದೊಂದರಲ್ಲೇ. ಅವಳಿದ್ದಾಗ ಅದರಿಂದ ನನಗೆ ನಿದ್ದೆ ಬರುತ್ತಿರಲಿಲ್ಲ, ಈಗ ಅದಿಲ್ಲದೆ ಬರಲ್ಲ.

ಕನ್ನಡಕದ ಅಂಗಡಿಗೆ ಹೊರಟ ನಿನ್ನ ತಾತ, ಗುರುವಾರ.