ಎಲ್ಲವ ನಾನೇ ಗೆದ್ದೆ

ಭಾನುವಾರ,
ಸೇಡು ತೀರಿದ ಮರುದಿನ

ಗಾನಸಾಮ್ರಾಜ್ಞಿಯೂ ಕೋಪಗೃಹವಾಸಿಯೂ ಆದ ನನ್ನ ಒಬ್ಬಳೇ ಅಕ್ಕನ ಸನ್ನಿಧಾನಕ್ಕೆ,

ತಂಗಿಯ ಸಾಷ್ಟಾಂಗ ವಿಜ್ಞಾಪನೆ ಏನೆಂದರೆ, ನಿನ್ನ ಪರಮಶತ್ರುಗಳಾದ ಹಲ್ಲು ಡಾಕ್ಟರು ನಿನ್ನೆ ತುಂಬಿದ ಸಭೆಯಲ್ಲಿ, ಪಿಯಾನೊ ಹಿಮ್ಮೇಳ ಸಮೇತ, ಮಣ್ಣು ಮುಕ್ಕಿದರು. ಕೂತುಕೊಂಡು ಓದು. ಬಾಯಲ್ಲಿ ಕಾಫಿ ಇದ್ದರೆ ಮೊದಲು ನುಂಗು.

ನೀನು ಹೋದ ಮೇಲೆ, ಹಾಡಿನಲ್ಲೇ ನಾಟಕವಾಡುವ ನಮ್ಮ ಪುಟ್ಟ ಒಪೆರಾ ಸಂಘದಲ್ಲಿ ಅವರದೇ ದರ್ಬಾರು. ನಿರ್ದೇಶಕರು ಅವರೇ, ರಾಜನ ಪಾತ್ರವೂ ಅವರದೇ, ಪೋಸ್ಟರಿನಲ್ಲಿ ‘ಸಂಗೀತ’ ಎಂಬಲ್ಲಿಯೂ ಅವರದೇ ಹೆಸರು. ರಾಜನ ಕೊನೆಯ ಹಾಡನ್ನು ನೀನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಚಮಚ ಕುಟ್ಟುತ್ತ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಸಹಿಸಿದ್ದೇನೆ. ನೀನು ಕೇಳಿದಾಗ, “ಸಂಘದ ಹಾಡಿಗೆ ಸ್ವಂತ ಹೆಸರು ಯಾಕಮ್ಮಾ?” ಎಂದು ನಕ್ಕರಲ್ಲ, ಆ ನಗುವಿನ ಒಂದೊಂದು ಹಲ್ಲೂ ನನಗೆ ನೆನಪಿದೆ. ನೀನು ಪಿಯಾನೊ ಮುಚ್ಚಿದೆ, ಊರು ಬಿಟ್ಟೆ, ಹಾಡುವುದನ್ನೂ ಬಿಟ್ಟೆ. ನಾನು ಮಾತ್ರ ಬಿಡಲಿಲ್ಲ. ನಗುನಗುತ್ತ ಹೋಗಿ, ಸಾಲು ನೆನಪಿಸುವ ಕೆಲಸ ಕೇಳಿ ಪಡೆದೆ.

ಕೆಲಸವೆಂದರೆ, ವೇದಿಕೆಯ ಅಂಚಿನಲ್ಲಿ, ಯಾರದೋ ವಾಷಿಂಗ್ ಮೆಷಿನ್ ಬಂದಿದ್ದ ಪೆಟ್ಟಿಗೆಯೊಳಗೆ ಕುಕ್ಕರಗಾಲಲ್ಲಿ ಕೂತು, ಹಾಡುವವರಿಗೆ ಪ್ರತಿ ಸಾಲನ್ನೂ ಒಂದು ಉಸಿರು ಮುಂಚೆ ಪಿಸುಗುಟ್ಟುವುದು. ಡಾಕ್ಟರಿಗೆ ಯಾವ ಸಾಲೂ ಬಾಯಿಗೆ ಬರದು. ಪೆಟ್ಟಿಗೆಯನ್ನೇ ನಂಬಿ ಹಾಡುತ್ತಾರೆ. ಆದರೂ ತಾಲೀಮಿನಲ್ಲಿ ಎಡವುತ್ತಲೇ ಇದ್ದರು. ತಮ್ಮ ತಪ್ಪು ಎದ್ದು ಕಾಣಬಾರದೆಂದು ಸೈನಿಕರ ಪಾತ್ರದ ಮೇಳಕ್ಕೆ ಕಟ್ಟಪ್ಪಣೆ ಮಾಡಿದ್ದರು: ರಾಜ ಏನು ಹಾಡಿದರೂ ಸೈನಿಕರು ಅದನ್ನೇ ಎತ್ತಿ ಹಾಡಬೇಕು, ತಿದ್ದಕೂಡದು.

ಕೊನೆಯ ಸಾಲು ನಿನಗೆ ಗೊತ್ತಲ್ಲ. ‘ಈ ರಾಜ್ಯ, ಈ ಗಾನ, ಎಲ್ಲವ ನಾನೇ ಗೆದ್ದೆ.’ ಒಂದೇ ಒಂದು ಅಕ್ಷರ ಬದಲಾಯಿಸಿದರೆ ಸಾಕೆಂದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

ನಿನ್ನೆ ಮುಂದಿನ ಸಾಲಿನಲ್ಲಿ ಅವರ ರೋಗಿಗಳೆಲ್ಲ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ಪೆಟ್ಟಿಗೆಯ ಹಿಂದಿನ ತೂತಿನಿಂದ ಸಭೆ ಕಾಣುತ್ತಿತ್ತು, ವೇದಿಕೆಯ ಕಡೆ ಮಾತ್ರ ರಾಜನ ಬೂಟು ಬಿಟ್ಟರೆ ಏನೂ ಇಲ್ಲ. ಬೂಟು ಮುಂದೆ ಬಂದು ನಿಂತಿತು. ಸೇಡಿನ ದೇವತೆಯನ್ನು ನೆನೆದು ಪಿಸುಗುಟ್ಟಿದೆ. ರಾಜಕಂಠ ಮೊಳಗಿತು:

“ಎಲ್ಲವ ನಾನೇ ಕದ್ದೆ.”

ಮೇಳದವರು ಶಿಸ್ತಿನ ಸಿಪಾಯಿಗಳು. ಪೋಸ್ಟ್‌ಮ್ಯಾನ್ ಮಾವ ಮೊದಲು ಎತ್ತಿಕೊಂಡ, “ಕದ್ದೆ ನೀನು, ಕದ್ದೆ.” ಹಿಂದೆಯೇ ಉಳಿದವರು. ಆ ಹಾಡು ಯಾರದೆಂದು ಅವರಿಗೆಲ್ಲ ಗೊತ್ತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ಕಟ್ಟಪ್ಪಣೆಯ ನೆಪ ಸಿಕ್ಕಿದ್ದೇ ತಡ, ನಿಲ್ಲಿಸಲೇ ಇಲ್ಲ. ಪಿಯಾನೊ ಮೇಷ್ಟ್ರು ತಲೆ ತಗ್ಗಿಸಿಕೊಂಡು, ಏನೂ ಅರಿಯದವರಂತೆ, ಅದೇ ಸ್ವರಗಳನ್ನು ಮತ್ತೆ ಮತ್ತೆ ಬಾರಿಸಿದರು. ಸಭೆಯವರು ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗುಸುಗುಸು ಶುರುಮಾಡಿದರು. ಕೊನೆಗೆ ಬೂಟು ಹಿಂದೆ ಹಿಂದೆ ಸರಿಯಿತು.

ತೆರೆ ಬಿದ್ದದ್ದೇ ಡಾಕ್ಟರು ನನ್ನನ್ನು ಬಣ್ಣದ ಕೋಣೆಗೆ ಕರೆದೊಯ್ದರು. ಗದರುತ್ತಾರೆಂದುಕೊಂಡೆ, ಬೇಡಿದರು. “ತಪ್ಪು ಹೇಳಿಕೊಟ್ಟಿದ್ದು ನೀನೇ ಅಂತ ಎಲ್ಲರ ಮುಂದೆ ಒಪ್ಕೊಂಡುಬಿಡು, ಪುಟ್ಟಿ. ಮುಂದಿನ ಸಲ ರಾಜಕುಮಾರಿ ಪಾರ್ಟು ನಿನಗೇ.”

ಹೊರಗೆ ಇಡೀ ಸಂಘ ನೆರೆದಿತ್ತು. ನಾನು ಎದೆಯ ಮೇಲೆ ಕೈಯಿಟ್ಟು, ಸಾವಿನ ಮನೆಯ ಮುಖ ಮಾಡಿಕೊಂಡು ನಿಂತೆ. “ನಾನು ಹೇಳಿಕೊಟ್ಟಿದ್ದು ‘ಗೆದ್ದೆ’ ಅಂತಲೇ, ಡಾಕ್ಟ್ರೇ” ಎಂದೆ.

ಪೋಸ್ಟ್‌ಮ್ಯಾನ್ ಮಾವ ಜೇಬಿನಿಂದ ಪೆನ್ನು ತೆಗೆದು, ಪೋಸ್ಟರಿನಲ್ಲಿ ಅವರ ಹೆಸರಿನ ಮೇಲೆ ಗೀಟು ಎಳೆದು, ನಿನ್ನ ಹೆಸರು ಬರೆದ. ಡಾಕ್ಟರು ನೋಡುತ್ತಲೇ ನಿಂತಿದ್ದರು, ಅಕ್ಕಾ. ಬಾಯಿ ಅಗಲಕ್ಕೆ ತೆರೆದೇ ಇತ್ತು. ಅವರ ಕುರ್ಚಿಯಲ್ಲಿ ನಾವೆಲ್ಲ ಕೂತಿರುತ್ತೇವಲ್ಲ, ಹಾಗೆ.

ಶನಿವಾರ ಮತ್ತೆ ಪ್ರದರ್ಶನ. ರಾಜರಿಗೆ ಗಂಟಲು ಕಟ್ಟಿದೆಯಂತೆ. ಪೆಟ್ಟಿಗೆಯ ನೆರವಿಲ್ಲದೆ ಆ ಹಾಡು ಪೂರ್ತಿ ಬರುವವರು ಜಗತ್ತಿನಲ್ಲಿ ಒಬ್ಬರೇ. ಕಿರೀಟದೊಳಗೆ ಹತ್ತಿ ತುರುಕಿ ನಿನ್ನ ತಲೆಗೆ ಸರಿಮಾಡಿಟ್ಟಿದ್ದೇನೆ. ಸುಮ್ಮನೆ ಬಂದು ಹಾಡು.

ಇಂತಿ ನಿನ್ನ ಆಜ್ಞಾಧಾರಕ ತಂಗಿ,
ಕಿರಿಕಿರಿ

ಮರೆತಿದ್ದೆ: ಇದು ನಮ್ಮಿಬ್ಬರಲ್ಲೇ ಇರಲಿ. ಪಿಸುಗುಟ್ಟುವ ಗಳಿಗೆಯಲ್ಲಿ ನನ್ನ ಧೈರ್ಯವೆಲ್ಲ ಜಾರಿಹೋಯಿತು. ನಾನು ನಿಜವಾಗಿಯೂ ‘ಗೆದ್ದೆ’ ಎಂದೇ ಪಿಸುಗುಟ್ಟಿದ್ದೆ. ಇಡೀ ಹಾಡಿನಲ್ಲಿ ಆ ಒಂದು ಪದ ಮಾತ್ರ ಡಾಕ್ಟರ ಸ್ವಂತ ರಚನೆ.