ಇನ್ನೂರು ಮೀಟರಿನ ವಾಚು, ಒಂದು ಬಕೆಟ್ ನೀರು

ಆಕರ್ಷ,

ನಿನ್ನೆ ನೀನೂ ನಿನ್ನ ದೋಸ್ತ್ ಶಿಶಿರನೂ ಬಚ್ಚಲುಮನೆಯ ಬಕೆಟ್‌ನಲ್ಲಿ ಮುಳುಗಿಸಿಟ್ಟ ಡೂಪ್ಲಿಕೇಟ್ ಡೈವಿಂಗ್ ವಾಚುಗಳನ್ನು ಬೆಳಿಗ್ಗೆ ನಾನೇ ಹೊರಗೆ ತೆಗೆದೆ. ಎರಡೂ ಓಡುತ್ತಿದ್ದವು. ನೀನು ಎದ್ದಿದ್ದರೆ "ನೋಡಕ್ಕಾ, ನಾ ಹೇಳಿರ್ಲಿಲ್ವಾ!" ಅಂತ ಕುಣಿಯುತ್ತಿದ್ದೆ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಒರೆಸಿ, ಬಿಸಿನೀರಿನ ಪಾತ್ರೆಯ ಮುಚ್ಚಳದ ಮೇಲೆ ಸ್ವಲ್ಪ ಹೊತ್ತಿಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟೆ. ನಿನ್ನದರ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಕಾಫಿ ಕುಡಿದು ಬರುವಷ್ಟರಲ್ಲಿ ಮುಳ್ಳು ನಿಂತಿತ್ತು. ಮೈಮೇಲೆ ಇನ್ನೂರು ಮೀಟರ್ ಆಳಕ್ಕೂ ಸೈ ಅಂತ ಬರೆಸಿಕೊಂಡದ್ದು ಬಕೆಟ್ ನೀರಿಗೇ ಸೋತಿತು, ಮಾರಾಯ!

ಶಿಶಿರನದು ಇನ್ನೂ ಓಡುತ್ತಿದೆ. ಅದನ್ನೂ ನಂಬಬೇಡಿ.

ಇವತ್ತು ರಕ್ಷಣಾ ತಂಡದ ಜೊತೆ ಹೊಳೆಗಿಳಿಯುವ ತರಬೇತಿ. ಸಿಲಿಂಡರಿನ ಗಾಳಿ ಮುಗಿಯುವ ಮೊದಲು ವಾಚು ನೋಡಿಕೊಂಡೇ ಮೇಲೆ ಬರಬೇಕು ಅಂತ ನೀನೇ ಹೇಳಿದ್ದೆ. ತಂಡದವರ ಹತ್ತಿರ ಒಳ್ಳೆಯದೊಂದು ಕೇಳಿ ಇಸ್ಕೋ, ನಾಚಿಕೆ ಬೇಡ. ಸಿಗದಿದ್ದರೆ ದಡದಲ್ಲಿ ನಿಂತು ಹಗ್ಗ ಹಿಡಿ. ಅದೇನು ಸಣ್ಣ ಕೆಲಸವಲ್ಲ.

ಎಬ್ಬಿಸಲು ಮನಸ್ಸಾಗಲಿಲ್ಲ. ಶ್ರೀಮಂಗಲದ ಬಸ್ಸು ತಪ್ಪಿದರೆ ನನಗೆ ಶಾಲೆಗೆ ತಡ. ಅಕ್ಕಿರೊಟ್ಟಿ ಡಬ್ಬಿಯಲ್ಲಿದೆ, ತಿಂದೇ ಹೋಗು. ನೀರಿನಿಂದ ಮೇಲೆ ಬಂದ ಕೂಡಲೇ ಫೋನ್ ಮಾಡು, ಪಾಠ ಮಾಡುತ್ತಿದ್ದರೂ ಎತ್ತುತ್ತೇನೆ. ಅಲ್ಲಿಯವರೆಗೆ ನೀರಿನೊಳಗಿರುವವನು ನೀನಾದರೂ ಉಸಿರು ಬಿಗಿಹಿಡಿದಿರುವವಳು ನಾನು.

ಮೈತ್ರೇಯಿ ಅಕ್ಕ